ದರಪಟ್ಟಿಯ ನಾಲ್ಕನೇ ಸಾಲು

ಸುದ್ದಿ ಬಂದಾಗ ಅತ್ತೆಯ ಕೈಯಲ್ಲಿ ಅಂಚೆಯವನ ತಲೆ ಇತ್ತು. ಎಡಭಾಗ ಕತ್ತರಿಸಿ ಮುಗಿದಿತ್ತು, ಬಲಭಾಗ ಇನ್ನೂ ಕಾಡಿನ ಹಾಗಿತ್ತು. ಅಷ್ಟರಲ್ಲಿ ಅತ್ತೆಯ ಗಂಡ ಮಹಡಿಯ ಮೆಟ್ಟಿಲಿಳಿದು ಓಡಿ ಬಂದ. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತನಾದ ಮನುಷ್ಯ, ಮನೆಯವರಿಗೆಲ್ಲ ತಾತ. ಬಂದ ರಭಸಕ್ಕೆ ಒಂದು ಚಪ್ಪಲಿ ಮೇಲೆಯೇ ಉಳಿದಿತ್ತು.

"ಬಂತು ಕಣೇ, ಬಂತು! ನಾಟಕ ಕಂಪನಿಯವರ ಕಾಗದ! ನಮ್ಮ ಅಂಗಡಿ ನೋಡೋಕೆ ಬರ್ತಾರಂತೆ!"

ಅತ್ತೆಯ ಕತ್ತರಿ ಗಾಳಿಯಲ್ಲಿ ನಿಂತಿತು. ಮೈಗೆ ಅರವತ್ತೆರಡು, ನಾಲಿಗೆಗೆ ಮಾತ್ರ ಇಪ್ಪತ್ತು ವರ್ಷ ಎಂದು ಬೀದಿಯವರು ಹೇಳುವ ಹೆಂಗಸು ಅವಳು. ಬೀದಿಗೆಲ್ಲ ಅತ್ತೆಯೇ. ಕೆಳಗೆ ಸಲೂನು, ಮೇಲೆ ಮನೆ. ಸಲೂನಿನಲ್ಲಿ ಮೂರು ಕುರ್ಚಿ. ಕಿಟಕಿ ಪಕ್ಕದ ಮೊದಲನೆಯದು ಅತ್ತೆಯದು. ನಡುವಿನದು ತಲೆ ತೊಳೆಯುವುದಕ್ಕೆ. ಮಧ್ಯಾಹ್ನ ಕಾಲೇಜು ಮುಗಿಸಿ ಬಂದು ಮೊಮ್ಮಗಳು ಅಲ್ಲಿ ನಿಲ್ಲುತ್ತಿದ್ದಳು. ಹಿಂದುಗಡೆ ನಲ್ಲಿ ಮೂಲೆಯಲ್ಲಿದ್ದ ಮೂರನೆಯದು ಸೊಸೆಯದು. ಮಗ ಲಾರಿ ಓಡಿಸುತ್ತಿದ್ದ, ತಿಂಗಳಿಗೆ ಹತ್ತು ದಿನ ಮನೆಯಲ್ಲಿದ್ದರೆ ಹೆಚ್ಚು.

"ಓದ್ರೀ ಜೋರಾಗಿ" ಎಂದಳು ಅತ್ತೆ.

ತಾತ ಓದಿದ. ಕಂಪನಿಯಲ್ಲಿ ಅರವತ್ತು ಕಲಾವಿದರು. ಊರಿನ ರಂಗಮಂದಿರದಲ್ಲಿ ಎರಡು ತಿಂಗಳು ಆಟ. ಅಷ್ಟೂ ತಲೆಗಳನ್ನು ಒಂದೇ ಸಲೂನಿಗೆ ಒಪ್ಪಿಸುತ್ತಾರೆ. ಕೊನೆಗೆ ಉಳಿದಿರುವುದು ಎರಡೇ ಅಂಗಡಿ: ಇದೊಂದು, ದೊಡ್ಡ ರಸ್ತೆಯ ಗಾಜಿನ ಬಾಗಿಲಿನ ಸಲೂನು ಇನ್ನೊಂದು. ಮೂರು ವಾರ ಬಿಟ್ಟು ವ್ಯವಸ್ಥಾಪಕಿ ಖುದ್ದು ಬಂದು ನೋಡುತ್ತಾಳೆ.

"ಅಯ್ಯಯ್ಯೋ, ಅರವತ್ತು ತಲೆ!" ಅತ್ತೆ ಅಂಚೆಯವನ ಭುಜಕ್ಕೆ ಒಂದು ಬಿಟ್ಟಳು. "ಕೇಳಿದೆಯೇನೋ? ನಾನು ಮುಂದೆ ನಿಂತು ಮಾಡಿಸ್ತೀನಿ, ನೋಡ್ತಿರು."

"ಅರ್ಜಿ ಹಾಕಿದ್ದು ನಾನು ಅತ್ತೆ" ಎಂದಳು ಸೊಸೆ ಹಿಂದಿನಿಂದ. ಅವಳ ಬೆರಳುಗಳು ಒಬ್ಬ ಹುಡುಗಿಯ ಬಿಗಿ ಗುಂಗುರು ಕೂದಲನ್ನು ಸಣ್ಣ ಸಣ್ಣ ಜಡೆ ಮಾಡುತ್ತಲೇ ಇದ್ದವು. "ಮುಖ್ಯ ಕೇಶವಿನ್ಯಾಸಕಿ ಅನ್ನೋ ಕಡೆ ನನ್ನ ಹೆಸರು ಬರೆದಿದ್ದೀನಿ."

ಅತ್ತೆ ಕತ್ತರಿಯಲ್ಲೇ ಕುರ್ಚಿಗಳ ಕಡೆ ತೋರಿಸಿದಳು.

"ಬರೆದ್ರೆ ಬರೆದೆ. ಕುರ್ಚಿ ಯಾವುದು?"

"ಮೊದಲನೇದು. ಹದಿನೆಂಟು ವರ್ಷ ಆಯ್ತು ನಾನು ಈ ಮೂಲೇಲಿ ನಿಂತು. ಗಾಜಿನ ಬಾಗಿಲಿನವರು ಮೂರು ಸಲ ಹೇಳಿ ಕಳಿಸಿದ್ದಾರೆ, ಮೊದಲ ಕುರ್ಚಿ ಕೊಡ್ತೀವಿ ಬಾ ಅಂತ. ಈ ಕೆಲಸ ನನ್ನ ಕೈಗೆ ಬಂದ್ರೆ ಇಲ್ಲೇ ಇರ್ತೀನಿ. ಇಲ್ಲದಿದ್ರೆ ಅಲ್ಲಿಗೆ ಹೋಗ್ತೀನಿ. ಮುಚ್ಚುಮರೆ ಇಲ್ಲ."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆದರೆ ಆ ಇನ್ನೊಂದು ಕಾಲ ಇಷ್ಟು ಬೇಗ, ಅದೂ ಅಂಚೆಯವನ ಎದುರಿಗೆ ಬಂದೀತೆಂದು ಅತ್ತೆ ಎಣಿಸಿರಲಿಲ್ಲ. ಅವಳಿಗೆ ಸಿಟ್ಟು ಬಂತು, ಹೆದರಿಕೆಯೂ ಆಯಿತು. ಅಂಚೆಯವನ ಬಲಭಾಗ ಆ ದಿನ ಎಡಭಾಗಕ್ಕಿಂತ ಬೆರಳಗಲ ಗಿಡ್ಡವಾಯಿತು.

ಆಗಲೇ ಮೊಮ್ಮಗಳು ಗೋಡೆ ನೋಡಿದಳು. "ಅಜ್ಜೀ, ಆ ಮೇಡಂ ಬಂದು ಈ ದರಪಟ್ಟಿ ಓದಿದ್ರೆ ಮುಗೀತು ನಮ್ಮ ಕಥೆ."

ದರಪಟ್ಟಿ ನೀಲಿ ಹಲಗೆಯ ಮೇಲೆ ಬಿಳಿ ಅಕ್ಷರ. ಗಂಡಸರ ಕೂದಲು, ಹೆಂಗಸರ ಕೂದಲು, ಮಕ್ಕಳ ಕೂದಲು. ನಾಲ್ಕನೇ ಸಾಲು: ಹೊಳೆಯಾಚೆಯವರ ಕೂದಲು, ಒಂದೂವರೆ ಪಟ್ಟು, ಮೂರನೇ ಕುರ್ಚಿ.

"ಅದಕ್ಕೇನಾಗಿದೆ? ಇಡೀ ಊರೇ ಹಾಗನ್ನುತ್ತೆ."

"ಹೊಳೆಯಾಚೆಯವರು ಗಂಡಸರಲ್ವಾ? ಹೆಂಗಸರಲ್ವಾ? ಮಕ್ಕಳೂ ಅಲ್ವಾ? ಅವರಿಗೆ ಯಾಕೆ ಬೇರೆ ಸಾಲು?"

ಅತ್ತೆ ಅಂಚೆಯವನ ಕತ್ತಿನ ಮೇಲಿನ ಕೂದಲು ಜಾಡಿಸಿದಳು. ಸೊಸೆಯೂ ಗಡಿಯ ಹೊಳೆ ದಾಟಿ ಬಂದ ಗುಂಗುರು ಕೂದಲಿನವರ ಪೈಕಿ, ಹೊಳೆಯಾಚೆಯವಳೇ. ಮಗ ಪ್ರೀತಿಸಿ ತಂದವಳು. ಅತ್ತೆ ತಕರಾರಿಲ್ಲದೆ ಮನೆ ತುಂಬಿಸಿಕೊಂಡಿದ್ದಳು, ಅದನ್ನು ತಿಂಗಳಿಗೊಮ್ಮೆಯಾದರೂ ನೆನಪಿಸುತ್ತಿದ್ದಳು.

ಸಂಜೆ ಊಟಕ್ಕೆ ಕೂತಾಗ ಜಗಳ ಮೇಲಿನ ಮನೆಗೂ ಹತ್ತಿ ಬಂತು. ಬ್ರೆಡ್ಡು, ಮೊಟ್ಟೆ, ಬೇಯಿಸಿದ ಆಲೂಗಡ್ಡೆ. ತಾತನಿಗೆ ಇಂಥ ವಿಷಯದಲ್ಲಿ ಪತ್ರಿಕೆಯೇ ಪ್ರಮಾಣ.

"ಈಗ ಹಾಗೆಲ್ಲ ಅನ್ನಬಾರದು. ಗಡಿಯಾಚೆ ಮೂಲದ ಸಮುದಾಯಕ್ಕೆ ಸೇರಿದ ವ್ಯಕ್ತಿಗಳು ಅನ್ನಬೇಕು."

"ಅಷ್ಟುದ್ದ ಹೇಳಿ ಮುಗಿಸೋಷ್ಟರಲ್ಲಿ ಗಿರಾಕಿ ತಲೆ ತಾನಾಗೇ ಬೋಳಾಗಿರುತ್ತೆ" ಎಂದಳು ಅತ್ತೆ. "ಹಲಗೆ ಎಲ್ಲಿ ಸಾಕಾಗುತ್ತೆ? ರಸ್ತೆವರೆಗೂ ಬರೀಬೇಕು."

"ಯಾವುದೂ ಬೇಡ" ಎಂದಳು ಮೊಮ್ಮಗಳು. "ಸಾಲೇ ಕಿತ್ತುಹಾಕು. ಹೋಗಲಿ, ನನ್ನನ್ನ ಯಾವ ಸಾಲಿಗೆ ಹಾಕ್ತೀಯಾ ಹೇಳು. ನಿನ್ನ ಮಗನ ಮಗಳು ನಾನು, ಕೂದಲು ಮಾತ್ರ ಅಮ್ಮಂದು. ನನ್ನ ದರ ಎಷ್ಟು?"

"ನಿನಗೆ ಪುಕ್ಕಟೆ ಕಣೇ ನನ್ನ ಬಂಗಾರ!"

ತಾತ ಹೊಟ್ಟೆ ಹಿಡಿದುಕೊಂಡು ನಕ್ಕ. ಮೊಮ್ಮಗಳೂ ನಕ್ಕಳು. ಸೊಸೆ ನಗಲಿಲ್ಲ. ಎದ್ದು ಹೋಗಿ ನಲ್ಲಿ ತಿರುಗಿಸಿ ತಟ್ಟೆ ತೊಳೆಯತೊಡಗಿದಳು. ಅತ್ತೆ ಉಳಿದ ಆಲೂಗಡ್ಡೆಯನ್ನು ತಾತನ ತಟ್ಟೆಗೆ ತಳ್ಳಿದಳು.

ಹಟ ಎಷ್ಟಿದ್ದರೂ ಅತ್ತೆ ಕೆಟ್ಟವಳಲ್ಲ. ಎರಡು ದಿನ ಬಂದ ಗಿರಾಕಿಗಳನ್ನೆಲ್ಲ ಕೇಳಿದಳು: "ಏನ್ರೀ, ಹೊಳೆಯಾಚೆಯವರು ಅಂದ್ರೆ ತಪ್ಪಾ?" ಹತ್ತು ಜನ ಹತ್ತು ಮಾತು ಹೇಳಿದರು. ಒಬ್ಬರು ತಪ್ಪೆಂದರು, ಒಬ್ಬರು ಅದರಲ್ಲೇನೆಂದರು, ಶಾಲೆ ಮೇಷ್ಟ್ರು ಮಾತ್ರ ಅರ್ಧ ಗಂಟೆ ಭಾಷಣ ಮಾಡಿ ಕೊನೆಗೆ ಯಾವುದೂ ಸರಿಯಿಲ್ಲ ಎಂದು ಹೇಳಿ ಗಡ್ಡ ಸವರಿಕೊಂಡು ಹೋದರು.

ಭಾನುವಾರ ಬೀಗಿತ್ತಿ ಬಂದಳು. ಸೊಸೆಯ ತಾಯಿ ಅವಳು. ಬಟ್ಟೆ ಗಿರಣಿಯಲ್ಲಿ ದುಡಿದು ಮೂವರು ಹೆಣ್ಣುಮಕ್ಕಳನ್ನು ದಡ ಮುಟ್ಟಿಸಿದ ಗಟ್ಟಿಗಿತ್ತಿ. ನಕ್ಕರೆ ಕಿಟಕಿ ಗಾಜು ನಡುಗಬೇಕು. ಬಂದವಳೇ ಮಗಳ ಮೂರನೇ ಕುರ್ಚಿಯಲ್ಲಿ ಧೊಪ್ಪನೆ ಕೂತು ಕನ್ನಡಿ ನೋಡಿಕೊಂಡಳು.

"ಈ ಕಂಬಳಿತಲೆಗೆ ಏನಾದ್ರೂ ಗತಿ ಕಾಣಿಸೇ ಮಗಳೇ. ಕಂಬಳಿತಲೆಗಳು ನಾವು, ಹುಟ್ಟಿರೋದೇ ಬಾಚಣಿಗೆ ಕಂಪನಿಯವರನ್ನ ಉದ್ಧಾರ ಮಾಡೋಕೆ!"

ಸೊಸೆ ಬಿದ್ದು ಬಿದ್ದು ನಕ್ಕಳು. ಆ ಕಾಗದ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಅತ್ತೆಯ ಕಿವಿ ನೆಟ್ಟಗಾಯಿತು.

"ಬೀಗಿತ್ತಿ, ನಿಮ್ಮವರು ಹಾಗೇ ಕರ್ಕೊಳ್ಳೋದಾ? ಕಂಬಳಿತಲೆ ಅಂತ?"

"ಮತ್ತೆ! ಮನೆಯೊಳಗೆ ಎಲ್ಲ ಹಾಗೇ. ನಮ್ಮಮ್ಮ ನನ್ನ ಕರೀತಿದ್ದದ್ದೇ ಹಾಗೆ."

'ಮನೆಯೊಳಗೆ' ಎಂಬ ಮಾತು ಅತ್ತೆಯ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ತಲೆ ಆಗಲೇ ಹಿಗ್ಗಿ ತುಂಬಿಹೋಗಿತ್ತು. ಸಿಕ್ಕಿತಲ್ಲ! ಪತ್ರಿಕೆಯವರ ಮಾತು ಯಾಕೆ, ಮೇಷ್ಟ್ರ ಭಾಷಣ ಯಾಕೆ? ಅವರೇ ತಮಗೆ ಇಟ್ಟುಕೊಂಡ ಹೆಸರು, ನಗುನಗುತ್ತ ಹೇಳಿಕೊಳ್ಳುವ ಹೆಸರು. ಇದಕ್ಕಿಂತ ಮರ್ಯಾದೆ ಯಾವುದು?

ಅಂಗಡಿಯ ರಜಾದಿನ ಸೊಸೆಯೂ ಮೊಮ್ಮಗಳೂ ಎಣ್ಣೆ, ಬಾಚಣಿಗೆ ತರಲು ಪೇಟೆಗೆ ಹೋದ ಹೊತ್ತು ನೋಡಿ ಅತ್ತೆ ಪೇಂಟರನ್ನು ಕರೆಸಿದಳು. ಅವನು ಏಣಿ ಹತ್ತಿ, ಚೀಟಿ ಓದಿ, ಕೆಳಗಿಳಿದ.

"ಅತ್ತೆ, ಇದನ್ನೇ ಬರೀಬೇಕಾ?"

"ಯಾಕೆ, ಅಕ್ಷರ ಬರಲ್ವಾ?"

"ಅಕ್ಷರ ಬರುತ್ತೆ. ಆದ್ರೆ..."

"ಅವರೇ ಹೇಳಿದ ಮೇಲೆ ನಿನ್ನದೇನಯ್ಯಾ ಆದ್ರೆ ಗೀದ್ರೆ? ದಪ್ಪಕ್ಕೆ ಬರಿ. ಹಳದಿ ಬಣ್ಣ ಹಾಕು, ಎದ್ದು ಕಾಣಲಿ."

ಸಂಜೆ ಅತ್ತೆ ಹಲಗೆಗೆ ಟವೆಲು ಹೊದಿಸಿ, ಎಲ್ಲರನ್ನೂ ಕೆಳಗೆ ಕರೆದು, ಮದುವೆಗೆ ಹೊರಟವಳ ಹಾಗೆ ಮುಖ ಮಾಡಿಕೊಂಡು ನಿಂತಳು. "ನಾನೇನು ಹಟಮಾರಿ ಅಲ್ಲ. ನಿಮ್ಮವರ ಮಾತೇ ಕೇಳಿ ಬರೆಸಿದ್ದೀನಿ, ನೋಡು" ಎಂದು ಟವೆಲು ಎಳೆದಳು.

ಕಂಬಳಿತಲೆಯವರ ಕೂದಲು, ಒಂದೂವರೆ ಪಟ್ಟು.

ಮೊಮ್ಮಗಳು "ಅಜ್ಜೀ!" ಎಂದು ಕಿರುಚಿದಳು. ತಾತ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಅಕ್ಷರ ಬದಲಾಗಲಿಲ್ಲ. ಸೊಸೆ ಹಲಗೆಯ ಹತ್ತಿರ ಬಂದಳು.

"ಶಾಲೇಲಿ ಈ ಹೆಸರು ಕೂಗಿ ನನ್ನ ಜಡೆಯೊಳಗೆ ಹುಲ್ಲು ತುರುಕ್ತಿದ್ರು ಅತ್ತೆ. ಒಬ್ಬ ಅದಕ್ಕೆ ಬೆಂಕಿ ಹಚ್ಚೋಕೂ ಬಂದಿದ್ದ."

"ನಿಮ್ಮಮ್ಮನೇ..."

"ನಮ್ಮಮ್ಮ ಅಂದ್ರೆ ಅದು ನಮ್ಮಮ್ಮ ಅಂದಿದ್ದು."

ಅವಳು ಏಪ್ರನ್ ಬಿಚ್ಚಿ, ಮಡಿಸಿ, ಮೂರನೇ ಕುರ್ಚಿಯ ಮೇಲಿಟ್ಟಳು. "ನಾಳೆಯಿಂದ ನಾನು ಕೆಳಗೆ ಇಳಿಯಲ್ಲ." ಮೊಮ್ಮಗಳೂ ಬಿಚ್ಚಿಟ್ಟಳು. ಅತ್ತೆ ಪೇಂಟರಿಗೆ ಫೋನ್ ಮಾಡಿದರೆ ಅವನು ಬೇರೆ ಊರಿಗೆ ಹೋಗಿದ್ದ. ತಿಂಗಳು ಕಳೆದು ಬರುವವನು. ಹಳದಿ ಬಣ್ಣ ಅಂಟಿದ ಕೈಯಿಂದಲೇ ಅತ್ತೆ ಆ ಸಾಲಿನ ಮೇಲೆ ಹಳೆಯ ಪತ್ರಿಕೆ ಅಂಟಿಸಿದಳು.

ಮುಂದಿನ ದಿನಗಳ ಪಾಡು ದೇವರಿಗೇ ಪ್ರೀತಿ. ಸೊಸೆ ಕೂಗಾಡಿದ್ದರೆ ಅತ್ತೆ ಗೆಲ್ಲುತ್ತಿದ್ದಳು, ಅದರಲ್ಲಿ ಅವಳದು ಎತ್ತಿದ ಕೈ. ಆದರೆ ಸೊಸೆ ಹೊತ್ತಿಗೆ ಸರಿಯಾಗಿ ಅಡುಗೆ ಮಾಡಿ ಬಡಿಸಿದಳು. "ಇನ್ನೊಂದು ಮೊಟ್ಟೆ ಹಾಕ್ಲಾ ಅತ್ತೆ?" "ಚಹಾ ಬಿಸಿ ಇದೆಯಾ ಅತ್ತೆ?" ಆ ಮರ್ಯಾದೆ ತಿಂದು ತಿಂದು ಅತ್ತೆಗೆ ಅಜೀರ್ಣವಾಯಿತು. ಒಂದು ದಿನ ಗಾಜಿನ ಬಾಗಿಲಿನ ಅಂಗಡಿಯಿಂದ ಫೋನ್ ಬಂತು. ಸೊಸೆ "ಶುಕ್ರವಾರ ಹೇಳ್ತೀನಿ" ಎಂದದ್ದು ಮೆಟ್ಟಿಲವರೆಗೂ ಕೇಳಿಸಿತು.

ಕೆಳಗೆ ಮೂರನೇ ಕುರ್ಚಿಗೆ ಜನ ಬರುವುದು ನಿಲ್ಲಲಿಲ್ಲ. ಬುಧವಾರ ಹೊಳೆಯಾಚೆಯ ಒಬ್ಬ ನರ್ಸು ಬಂದಳು, ಡ್ಯೂಟಿಗೆ ಮುನ್ನ ಒಂದು ಗಂಟೆ ಇತ್ತು. "ಅವಳಿಲ್ವಾ? ಹಾಗಾದ್ರೆ ಹೋಗ್ತೀನಿ."

"ಅವಳಿಲ್ಲದಿದ್ರೆ ಅಂಗಡಿ ಮುಚ್ಚುತ್ತೇನಮ್ಮಾ? ಕೂತ್ಕೋ, ನಾನು ನಲವತ್ತು ವರ್ಷದಿಂದ ಇದೇ ಮಾಡ್ತಿರೋದು."

ಅತ್ತೆ ಒಣಗಿದ ಕೂದಲಿಗೇ ಬಾಚಣಿಗೆ ಹಾಕಿ ನೆತ್ತಿಯಿಂದ ಕೆಳಕ್ಕೆ ಎಳೆದಳು. ಗುಂಗುರು ಕೂದಲನ್ನು ನೆನೆಸಿ, ಎಣ್ಣೆ ಮುಟ್ಟಿಸಿ, ತುದಿಯಿಂದ ಮೇಲಕ್ಕೆ ಬಿಡಿಸಬೇಕು ಎನ್ನುವುದು ಆ ಕುರ್ಚಿಯಲ್ಲಿ ಕೂತ ಮಕ್ಕಳಿಗೂ ಗೊತ್ತು. ಹದಿನೆಂಟು ವರ್ಷ ಹತ್ತು ಹೆಜ್ಜೆ ದೂರದಲ್ಲಿ ನಡೆದ ಕೆಲಸವನ್ನು ಅತ್ತೆ ಒಂದು ಸಲವೂ ತಿರುಗಿ ನೋಡಿರಲಿಲ್ಲ. ನರ್ಸು ಚೀರಿದಳು. ಬಾಚಣಿಗೆ ಲಟಕ್ಕೆಂದು ಮುರಿದು ಅರ್ಧ ಅತ್ತೆಯ ಕೈಯಲ್ಲಿ, ಅರ್ಧ ಕೂದಲೊಳಗೆ.

"ನಿಮ್ಮ ಕೂದಲೇ ಹೀಗೆ..." ಎಂದು ಶುರುಮಾಡಿದಳು ಅತ್ತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನುವುದು ಅವಳಿಗೇ ನೆನಪಾಗಿ ಮಾತು ನಿಂತಿತು.

"ನನ್ನ ಕೂದಲಿಗೇನೂ ಆಗಿಲ್ಲ ಅತ್ತೆ" ಎಂದಳು ನರ್ಸು ಕಣ್ಣೊರೆಸಿಕೊಳ್ಳುತ್ತ. "ಮೇಲೆ ಹೋಗಿ ಅವಳ ಹತ್ರವೇ ಬಿಡಿಸ್ಕೋತೀನಿ."

ಅಂಗಡಿಯಲ್ಲಿ ಒಬ್ಬಳೇ ಉಳಿದ ಅತ್ತೆಗೆ ನಾಚಿಕೆಯಾಯಿತು. ಕೂದಲಿನ ಕೆಲಸದಲ್ಲಿ ಅವಳಿಗೆ ನಾಚಿಕೆಯಾದದ್ದು ಜೀವಮಾನದಲ್ಲಿ ಅದೇ ಮೊದಲು. ಬೀಗಿತ್ತಿಗೆ ಫೋನ್ ಮಾಡಿದಳು.

"ನೀವೇ ಅಂದಿರಲ್ಲ ಬೀಗಿತ್ತಿ! ನೀವು ಅಂದ್ರೆ ನಗು, ನಾನು ಬರೆಸಿದ್ರೆ ಬೆಂಕಿ. ಇದ್ಯಾವ ನ್ಯಾಯ?"

ಆ ಕಡೆಯಿಂದ ನಗು ಬರಲಿಲ್ಲ. "ನೋಡಿ ಬೀಗಿತ್ತಿ, ನನ್ನ ಗಂಡ ಬದುಕಿದ್ದಾಗ ದಿನಾ ಕತ್ತೆ ಅಂತ ಬೈತಿದ್ದೆ. ನೀವು ಬಂದು ಕತ್ತೆ ಅಂದಿದ್ರೆ ಸುಮ್ನಿರ್ತಿದ್ನಾ ನಾನು? ಕೈಗೆ ಸಿಕ್ಕಿದ್ದರಲ್ಲಿ ಬಾರಿಸ್ತಿದ್ದೆ. ಆ ಹೆಸರಲ್ಲಿ ಕಲ್ಲೇಟು ತಿಂದವರು ನಾವು, ತಿಂದವರಿಗೆ ನಗೋ ಹಕ್ಕಿದೆ. ನಿಮಗೇನಿದೆ?"

ಅತ್ತೆ ತನ್ನ ಗಂಡನನ್ನು ತಾನು ಕರೆಯುವ ಹೆಸರುಗಳನ್ನೆಲ್ಲ ಮನಸ್ಸಿನಲ್ಲೇ ನೆನೆಸಿಕೊಂಡಳು. ವಿಷಯ ಸ್ಪಷ್ಟವಾಯಿತು.

ಗುರುವಾರ ಮಧ್ಯಾಹ್ನ ಅಂಗಡಿ ಬಾಗಿಲು ಅರ್ಧ ಎಳೆದು ಮೇಲೆ ಹತ್ತಿದಳು. ಸೊಸೆ ಹಿಟ್ಟು ಕಲಸುತ್ತಿದ್ದಳು, ಮೊಮ್ಮಗಳು ಬಟಾಣಿ ಸುಲಿಯುತ್ತಿದ್ದಳು, ತಾತ ಸುಲಿದದ್ದನ್ನು ತಿನ್ನುತ್ತಿದ್ದ.

"ತಪ್ಪಾಯ್ತು ಕಣಮ್ಮಾ" ಎಂದಳು ಅತ್ತೆ. ಮಾತು ಒರಟಾಗಿ ಬಂತು, ಆದರೆ ಬಂತು. "ದೊಡ್ಡ ತಪ್ಪು. ಈಗ ಏನು ಬರೆಸಲಿ, ಹೇಳು."

"ಏನೂ ಬರೆಸಬೇಡ, ಸಾಲೇ ಅಳಿಸು" ಎಂದಳು ಮೊಮ್ಮಗಳು.

"ಅಳಿಸಬೇಡಿ" ಎಂದಳು ಸೊಸೆ.

ಮೂವರೂ ಅವಳನ್ನೇ ನೋಡಿದರು. ಅವಳು ಹಿಟ್ಟಿನಿಂದ ಕೈ ತೆಗೆಯಲಿಲ್ಲ.

"ಈ ಊರಿಗೆ ಬಂದಾಗ ನನಗೆ ಹತ್ತೊಂಬತ್ತು. ಮಾರನೇ ದಿನ ಬೆಳಿಗ್ಗೆ ಕೆಲಸಕ್ಕೆ ಸಂದರ್ಶನ, ತಲೆ ಗೂಡಾಗಿತ್ತು. ಪೇಟೆಯಲ್ಲಿರೋ ಸಲೂನೆಲ್ಲ ಸುತ್ತಿದೆ. ಒಬ್ಬರು ಪುರುಸೊತ್ತಿಲ್ಲ ಅಂದ್ರು, ಒಬ್ಬರು ಆ ಥರದ ಕೂದಲು ಮುಟ್ಟಲ್ಲ ಅಂದ್ರು. ಇಲ್ಲಿಗೆ ಬಂದ್ರೆ ಹಲಗೆ ಮೇಲೆ ಹೊಳೆಯಾಚೆಯವರ ಕೂದಲು ಅಂತಿತ್ತು. ಆಗ ನಮ್ಮವಳೇ ಒಬ್ಬ ಮುದುಕಿ ಕೆಲಸಕ್ಕಿದ್ದಳು ನಿಮ್ಮಲ್ಲಿ, ಅದೇ ಮೂಲೇಲಿ. ರಸ್ತೇಲೇ ನಿಂತು ಅತ್ತುಬಿಟ್ಟೆ ಅತ್ತೆ, ಖುಷಿಗೆ. ಇಡೀ ಊರಲ್ಲಿ ನಮಗೆ ಅಂತ ಒಂದು ಸಾಲು ಬರೆದ ಅಂಗಡಿ ಇದೊಂದೇ. ಅಳಿಸಿಬಿಟ್ರೆ ನಾಳೆ ಬರೋ ಹುಡುಗಿಗೆ ಹೇಗೆ ಗೊತ್ತಾಗಬೇಕು?"

"ಮತ್ತೆ ಆ ಹೆಸರು?" ಅತ್ತೆಯ ದನಿ ಇಳಿದಿತ್ತು.

"ಹೊಳೆ ದಾಟಿ ಬಂದಿದ್ದು ನಿಜ. ಅದು ನನಗೆ ಚುಚ್ಚಲ್ಲ. ಪಕ್ಕದಲ್ಲಿರೋ ಒಂದೂವರೆ ಪಟ್ಟು ಚುಚ್ಚುತ್ತೆ. ಹಿಂದಿನ ಕುರ್ಚಿ ಚುಚ್ಚುತ್ತೆ."

"ನನಗೆ ಚುಚ್ಚುತ್ತಮ್ಮಾ!" ಮೊಮ್ಮಗಳು ಬಟಾಣಿ ಬುಟ್ಟಿ ಕುಕ್ಕಿದಳು. "ನಾನು ಯಾವ ಹೊಳೆ ದಾಟಿದ್ದೀನಿ? ಹುಟ್ಟಿದ್ದು ಇದೇ ಕೋಣೇಲಿ. ಕಾಲೇಜಲ್ಲಿ ಎಲ್ಲರೂ ನಿಮ್ಮ ಊರು ಯಾವುದು ಅಂತಾರೆ. ಇದೇ ಊರು ಅಂದ್ರೆ, ಅಲ್ಲ, ನಿಜವಾಗ್ಲೂ ಯಾವುದು ಅಂತಾರೆ!"

"ಹಾಗಂತ ನನ್ನ ಊರು ಅಳಿಸಬೇಕೇನೇ ನಾನು?"

"ನಿನ್ನದು ನೀನಿಟ್ಕೋ! ನನ್ನ ತಲೆಗೆ ಯಾಕೆ ಕಟ್ತೀಯಾ?"

"ಅದಕ್ಕೇ ಹೇಳಿದ್ದು, ಗಡಿಯಾಚೆ ಮೂಲದ..." ಎಂದ ತಾತ.

"ನೀವು ಸುಮ್ನಿರಿ!" ಎಂದರು ಮೂವರೂ ಒಟ್ಟಿಗೆ.

ಅತ್ತೆಗೆ ಒಳಗೊಳಗೇ ಜೀವ ಬಂದ ಹಾಗಾಯಿತು. ಮನೆಯಲ್ಲಿ ಮತ್ತೆ ಗಲಾಟೆ! ಎರಡು ವಾರದ ಆ ಹಾಳು ಮರ್ಯಾದೆಗಿಂತ ಇದು ಎಷ್ಟೋ ವಾಸಿ. ಆಗಲೇ ಕೆಳಗೆ ಯಾರೋ ಬಾಗಿಲು ತಟ್ಟಿದರು. ತಾತ ಕಿಟಕಿಯಿಂದ ಬಗ್ಗಿ ನೋಡಿ ಬಟಾಣಿ ನೆತ್ತಿಗೇರಿ ಕೆಮ್ಮಿದ.

"ಫೈಲು ಹಿಡ್ಕೊಂಡು ಯಾರೋ ಮೇಡಂ! ನಾಟಕ ಕಂಪನಿಯವರೇ!"

"ಶನಿವಾರ ಅಂದಿದ್ರಲ್ಲ!"

"ಬಸ್ಸು ಲೇಟಾಗೋದು ಗೊತ್ತು, ಎರಡು ದಿನ ಮುಂಚೆ ಬರೋದು ನಾನು ಕಂಡಿಲ್ಲ."

"ಹಲಗೆ!" ಎಂದು ಚೀರಿದಳು ಮೊಮ್ಮಗಳು.

ಮೆಟ್ಟಿಲ ಮೇಲೆ ಆ ಮನೆಯವರು ಎಂದೂ ಹಾಗೆ ಓಡಿರಲಿಲ್ಲ. ಮೊಮ್ಮಗಳು ಹಿಂಬಾಗಿಲಿಂದ ಬಣ್ಣ ಕರಗಿಸುವ ಟರ್ಪೆಂಟೈನ್ ಡಬ್ಬಿ ಹಿಡಿದು ನುಗ್ಗಿದಳು. ತಾತ ಮುಂಬಾಗಿಲಲ್ಲಿ ಅಡ್ಡ ನಿಂತು ಹಳೆಯ ಗಂಟಲು ತೆಗೆದ: "ಬನ್ನಿ ಬನ್ನಿ, ನಿಧಾನ, ಮೆಟ್ಟಿಲಿದೆ ನೋಡ್ಕೊಂಡು, ಬ್ಯಾಗು ಕಾಲಬಳಿ ಇಟ್ಕೊಳ್ಳಿ, ಒಳಗೆ ಬೇಕಾದಷ್ಟು ಜಾಗ ಇದೆ!" ಅತ್ತೆ ಸ್ಟೂಲು ಹತ್ತಿ ಪತ್ರಿಕೆ ಕಿತ್ತಳು. ಪತ್ರಿಕೆಯ ಅಡಿ ಗಾಳಿಯಾಡದೆ ಬಣ್ಣ ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ. ಅಜ್ಜಿ, ಮೊಮ್ಮಗಳು ಇಬ್ಬರೂ ಟವೆಲಿನಲ್ಲಿ ಒಂದೇ ಸಮ ಉಜ್ಜಿದರು. ಹಳದಿ ಹರಿದು ಅತ್ತೆಯ ಮೊಣಕೈವರೆಗೂ ಇಳಿಯಿತು.

ವ್ಯವಸ್ಥಾಪಕಿ ತಾತನ ಕಂಕುಳ ಕೆಳಗಿಂದಲೇ ಒಳಗೆ ಬಂದಳು. ಮೂರು ಕುರ್ಚಿ ನೋಡಿದಳು, ಸ್ಟೂಲಿನ ಮೇಲಿದ್ದ ಅತ್ತೆಯನ್ನು ನೋಡಿದಳು, ಕೊನೆಗೆ ಹಲಗೆ ನೋಡಿದಳು. ಮೂರು ಸಾಲು ನೆಟ್ಟಗಿದ್ದವು. ನಾಲ್ಕನೆಯದು ಹಳದಿ ಕಲೆ.

"ಇಲ್ಲಿ ಏನಿತ್ತು?"

ತಾತ ಏನೋ ಕಥೆ ಕಟ್ಟಲು ಬಾಯಿ ತೆರೆದ. ಅತ್ತೆ ಅವನಿಗಿಂತ ಮುಂಚೆ ಮಾತಾಡಿದಳು.

"ನನ್ನ ತಪ್ಪಿತ್ತು. ಅಳಿಸ್ತಿದ್ದೀವಿ."

ವ್ಯವಸ್ಥಾಪಕಿ ನಗಲಿಲ್ಲ, ಮುಖ ಸಿಂಡರಿಸಲೂ ಇಲ್ಲ. ಫೈಲು ತೆರೆದು ಪೆನ್ನು ತೆಗೆದಳು. "ನೇರವಾಗಿ ಕೇಳ್ತೀನಿ. ನಮ್ಮ ತಂಡದಲ್ಲಿ ಬಿಗಿ ಗುಂಗುರು ಕೂದಲಿನವರು ಇಪ್ಪತ್ತು ಜನ, ಹೊಳೆಯ ಆ ಕಡೆಯಿಂದ ಬಂದವರು. ಹಿಂದಿನ ಊರಲ್ಲಿ ಸಲೂನಿನವರು ಏನೋ ಹೆಸರು ಹಿಡಿದು ಕರೆದ್ರು ಅಂತ ಅರ್ಧ ಕೂದಲಲ್ಲೇ ಎಲ್ಲರೂ ಎದ್ದು ಹೋದ್ರು. ಆವತ್ತು ಆಟವೇ ನಿಂತಿತು. ಅದಕ್ಕೇ ಹೇಳದೆ ಕೇಳದೆ ಮುಂಚೆ ಬಂದೆ. ನಿಮ್ಮ ಅಂಗಡೀಲಿ ಅವರನ್ನ ಏನಂತ ಕರೀತೀರಿ?"

ಅತ್ತೆಯ ಬಾಯಲ್ಲಿ ಹೆಸರುಗಳು ನೂಕುನುಗ್ಗಲಾಗಿ ಬಂದು ನಿಂತವು. ಊರಿನದು, ಪತ್ರಿಕೆಯದು, ಬೀಗಿತ್ತಿಯದು. ಬೀದಿಯ ಪ್ರತಿ ತಲೆಗೂ ಒಂದು ಹೆಸರಿಟ್ಟವಳು ಅವಳು. ಮೆಟ್ಟಿಲ ಮೇಲೆ ಸೊಸೆ ನಿಂತಿದ್ದಳು, ಮೊಣಕೈವರೆಗೂ ಹಿಟ್ಟು. ಅವಳು ಕಣ್ಣು ಮಿಟುಕಿಸದೆ ಅತ್ತೆಯನ್ನೇ ನೋಡುತ್ತಿದ್ದಳು.

ಅತ್ತೆ ಸ್ಟೂಲಿನಿಂದ ಇಳಿದಳು.

"ಅವಳನ್ನ ಕೇಳಿ" ಎಂದಳು. "ಮುಖ್ಯ ಕೇಶವಿನ್ಯಾಸಕಿ ಅವಳು. ಮೊದಲ ಕುರ್ಚಿ ಅವಳದು."

ಸೊಸೆ ಕೆಳಗಿನ ಮೆಟ್ಟಿಲಿಗೆ ಬಂದಳು. ಮೊಮ್ಮಗಳು ಟವೆಲು ಕೈಯಲ್ಲೇ ಹಿಡಿದು ನಿಂತುಬಿಟ್ಟಳು. ವ್ಯವಸ್ಥಾಪಕಿ ಬರೆದುಕೊಂಡಳು, ಆಮೇಲೆ ತಲೆ ಎತ್ತಿ ಅತ್ತೆಯ ಹಳದಿ ಕೈಗಳನ್ನು ನೋಡಿದಳು.

"ಮತ್ತೆ ನೀವು ಯಾರು?"

ಅತ್ತೆ ಕಿಟಕಿ ಪಕ್ಕದ ಗೂಡಿನಿಂದ ತನ್ನ ಕತ್ತರಿ, ಬ್ರಷ್ಷು, ಪೌಡರು ಡಬ್ಬಿ ಎಲ್ಲ ಮಡಿಲಿಗೆ ತುಂಬಿಕೊಂಡು ನಲ್ಲಿ ಮೂಲೆಯ ಕಡೆ ನಡೆಯುತ್ತಲೇ ಹೇಳಿದಳು:

"ನಾನು ಮೂರನೇ ಕುರ್ಚಿಯವಳು."